ನಮ್ಮ ಯಜಮಾನರ ಮೋಟಾರು ಹಾದಿಗಳು

ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದ ಮೊದಲ ವಾರವೇ ನಮ್ಮ ಯಜಮಾನರು ನನಗೆ ಊಟದ ತಟ್ಟೆಯಲ್ಲಿ ಇಂಗ್ಲೆಂಡ್ ತೋರಿಸಿದರು. ಬಿಸಿ ಮುದ್ದೆಯ ನಡುವೆ ಹೆಬ್ಬೆರಳಿನಿಂದ ಗುಂಡಿ ಮಾಡಿ, ಸುತ್ತಲೂ ಅಂಚು ಎತ್ತಿ, ಸಾರಿನಿಂದ ಒಂದು ಅವರೆಕಾಳು ಆಯ್ದು ಅದರೊಳಗೆ ಗಿರಗಿರನೆ ತಿರುಗಿಸಿದರು.

"ನೋಡಮ್ಮಿ, ಇದು ಬ್ರೂಕ್‌ಲ್ಯಾಂಡ್ಸು, ಸೀಮೇಲಿ ಮೋಟಾರು ಪಂದ್ಯ ಆಡೋ ಹಾದಿ. ಸಿಮೆಂಟಿನ ಬಾಣಲೆ ಅಂತ ತಿಳ್ಕೊ. ಕಾರು ಜೋರಾಗಿ ಓಡ್ದಂಗೆಲ್ಲ ಅಂಚ್ಗೆ ಏರ್ತದೆ. ಒಸಿ ನಿಧಾನ ಮಾಡ್ದೋ, ಕೆಳೀಕೆ ಜಾರ್ತದೆ."

ಅವರೆಕಾಳು ಅಂಚು ದಾಟಿ ನನ್ನ ಸೀರೆಯ ಮೇಲೆ ಬಿತ್ತು.

"ಹಿಂಗೂ ಆಯ್ತದೆ," ಎಂದರು.

ಒಲೆಯ ಮುಂದಿದ್ದ ಅತ್ತೆ ತಿರುಗಿ ನೋಡಿದರು. "ಅನ್ನದ ಮೇಲೆ ಆಟ ಆಡ್ತೀಯೇನ್ಲಾ? ಉಣ್ಣೋದಾದ್ರೆ ಉಣ್ಣು. ಇಲ್ದಿದ್ರೆ ತಟ್ಟೆ ದನಕ್ಕಾದ್ರೂ ಆಯ್ತದೆ."

ನನಗೆ ಆಗ ಹದಿನೆಂಟೋ ಹತ್ತೊಂಬತ್ತೋ. ಮಾಗಡಿ ಕಡೆಯ ತಿಪ್ಪಸಂದ್ರದಲ್ಲಿ ಎತ್ತಿನ ಗಾಡಿ ಬಿಟ್ಟರೆ ಬೇರೆ ಚಕ್ರ ಕಂಡವಳಲ್ಲ. ಗಂಡ ಮೋಟಾರು ಓಡಿಸುತ್ತಾನೆ, ಹಡಗು ಹತ್ತಿ ಸೀಮೆಗೆ ಹೋಗಿ ಬಂದಿದ್ದಾನೆ ಎಂದು ಅಪ್ಪ ಹೆಮ್ಮೆಯಿಂದ ಕೊಟ್ಟಿದ್ದರು. ಅವರು ಇಂಗ್ಲೆಂಡ್ ಸೀಮೆಗೆ ಹೋಗಿದ್ದು ನಿಜ. ಬೆಂಗಳೂರಿನಲ್ಲಿ ಒಬ್ಬ ಬಿಳಿಯ ಇಂಜಿನಿಯರ್ ದೊರೆಯ ಬಳಿ ಡ್ರೈವರಾಗಿದ್ದಾಗ, ಆ ದೊರೆ ರಜಕ್ಕೆ ಊರಿಗೆ ಹೊರಟವರು ಇವರನ್ನೂ ಕರೆದೊಯ್ದಿದ್ದರು. ಮುಂದೆ ಕೆಲಸ ಮುಗಿಸಿ ಖಾಯಮ್ಮಾಗಿ ಹೊರಟಾಗ ತಮ್ಮ ಹಳೇ ಕಾರನ್ನೂ ಒಂದು ಟ್ರಂಕು ತುಂಬ ಮೋಟಾರು ಪತ್ರಿಕೆಗಳನ್ನೂ ಇವರಿಗೆ ಬಿಟ್ಟುಹೋದರು. ಕಾರನ್ನು ಇವರು ಬಾಡಿಗೆಗೆ ಓಡಿಸುತ್ತಿದ್ದರು. ಕೋರ್ಟಿಗೆ ಹೋಗುವವರು, ಬಾಣಂತಿಯರು, ಮದುಮಕ್ಕಳು. ಬಾಡಿಗೆ ಇಲ್ಲದ ದಿನ ಜಗಲಿಯಲ್ಲಿ ಕುಳಿತು ಟ್ರಂಕು ತೆರೆಯುತ್ತಿದ್ದರು. ಬಾಡಿಗೆ ಇಲ್ಲದ ದಿನಗಳೇ ಹೆಚ್ಚು.

ನನಗೆ ಓದು ಅಷ್ಟಕ್ಕಷ್ಟೆ. ಆದರೆ ರಂಗೋಲಿಯಲ್ಲಿ ಕೈ ಪಳಗಿತ್ತು, ಒಮ್ಮೆ ನೋಡಿದ ಗೆರೆ ಮರೆಯುತ್ತಿರಲಿಲ್ಲ. ಇದು ಗೊತ್ತಾದದ್ದೇ ತಡ, ಅವರು ಪತ್ರಿಕೆಯಲ್ಲಿದ್ದ ಪಂದ್ಯದ ಹಾದಿಯ ನಕ್ಷೆ ಹಿಡಿದು ಬಂದು "ಇದ ಹಾಕಮ್ಮಿ ಬಾಗಿಲಿಗೆ" ಎನ್ನತೊಡಗಿದರು. ಹಾಗೆ ನಮ್ಮ ಮನೆ ಮುಂದೆ ದೇಶದೇಶಗಳ ಮೋಟಾರು ಹಾದಿಗಳು ಬೆಳಗಾದರೆ ಮೂಡತೊಡಗಿದವು.

ಅಮೆರಿಕದ ಇಂಡಿಯಾನಾಪೊಲಿಸ್ಸಿನದು ಎಲ್ಲಕ್ಕಿಂತ ಸುಲಭ. ನಾಲ್ಕು ಮೂಲೆಯನ್ನು ಒಂಚೂರು ಗುಂಡಗೆ ಮಾಡಿದ ಹೊಲದ ಬದು, ಅಷ್ಟೇ. ತಿರುವೆಲ್ಲ ಎಡಕ್ಕೆ. ನೆಲಕ್ಕೆಲ್ಲ ಇಟ್ಟಿಗೆ ಹಾಸಿದ್ದಾರೆ ಎಂದು ಇವರು ಹೇಳಿದಾಗ ಅತ್ತೆಗೆ ನಂಬಿಕೆಯೇ ಬರಲಿಲ್ಲ. "ಅಷ್ಟು ಇಟ್ಟಿಗೆ ಇದ್ದೋರು ಮನೆ ಕಟ್ಕೊಂಡು ಒಳಗೆ ಕೂತ್ಕೋಬಾರ್ದಾ? ಅದರ ಮೇಲೆ ಸುತ್ತೋದ್ಯಾಕೆ?" ಎಂದರು.

ಇಟಲಿಯ ಮೋಂಜಾ ಒಂದು ಹಳೇ ಅರಮನೆಯ ತೋಪಿನೊಳಗೆ ಇದೆಯಂತೆ. ಮರಗಳ ನೆರಳಿನಲ್ಲಿ ಒಂದು ಡೊಂಕು ದಾರಿ, ಅದಕ್ಕೆ ಸೇರಿದಂತೆ ಒಂದು ಮೊಟ್ಟೆಯಾಕಾರದ ದಾರಿ, ಒಂದರ ಮೇಲೊಂದು ಹಾಯುತ್ತವೆ. ನೆರಳಿನಿಂದ ಬಿಸಿಲಿಗೆ ಬಿದ್ದಾಗ ಕಣ್ಣು ಕುಕ್ಕುವುದೇ ಅಲ್ಲಿನ ಕಷ್ಟ ಎಂದು ಇವರು ವಿವರಿಸುತ್ತಿದ್ದರು. ಬೀದಿಯ ಹೆಂಗಸರಿಗೆ ಅದು ತೊಟ್ಟಿಲಂತೆ ಕಂಡು, ನನಗೆ ಎಷ್ಟು ತಿಂಗಳು ಎಂದು ಕೇಳಿ ಹೋದರು. ಬರ್ಲಿನ್ನಿನದು ಕಾಡಿನ ನಡುವೆ ಅಕ್ಕಪಕ್ಕ ಹಾಸಿದ ಎರಡು ನೇರ ದಾರಿ, ತುದಿಯಲ್ಲಿ ಗಿರಕ್ಕನೆ ಸುತ್ತಿ ಮತ್ತೆ ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ವಾಪಸು. ರಂಗೋಲಿಯಲ್ಲಿ ಅದು ಸೌಟಿನಂತೆ ಕಂಡಿತು. ಮೊನಾಕೊ ಎಂಬಲ್ಲಿ ಬೇರೆ ಹಾದಿಯೇ ಇಲ್ಲವಂತೆ, ಊರಿನ ಬೀದಿಯಲ್ಲೇ ಓಡಿಸುತ್ತಾರೆ. ಒಂದು ಕಡೆ ಹೋಟೆಲು, ಒಂದು ಕಡೆ ಸಮುದ್ರ, ನಡುವೆ ಒಂದು ಸುರಂಗ. ಕೈ ತಪ್ಪಿದರೆ ಮೀನಿನ ಜೊತೆ.

ಜರ್ಮನಿಯ ಬೆಟ್ಟಗಳಲ್ಲಿ ಒಂದು ಕೋಟೆಯ ಸುತ್ತ ಹರಿದ ನ್ಯೂರ್ಬುರ್ಗಿನ ಹಾದಿ ಹಾಕಲು ನನಗೆ ಅರ್ಧ ಬೆಳಗು ಹಿಡಿಯಿತು. ತಿರುವುಗಳನ್ನು ಎಣಿಸುತ್ತಾ ಹೋದರೆ ತಲೆ ತಿರುಗುತ್ತದೆ. ಹಾದಿ ಎಷ್ಟು ಉದ್ದವೆಂದರೆ ಈ ತುದಿಯಲ್ಲಿ ಬಿಸಿಲು ಕಾಯುತ್ತಿದ್ದರೆ ಆ ತುದಿಯಲ್ಲಿ ಮಳೆ ಹೊಡೆಯುತ್ತಿರುತ್ತದಂತೆ. ಎದುರುಮನೆಯ ಅಜ್ಜಿ ಅದನ್ನು ನಾಗಪ್ಪನೆಂದು ತಿಳಿದು ಅರಿಸಿನ ಕುಂಕುಮವಿಟ್ಟು, ಒಂದು ಬಟ್ಟಲು ಹಾಲಿಟ್ಟು, ಕೈಮುಗಿದು ಹೋದರು. ಹಾಲನ್ನು ಬೆಕ್ಕು ಕುಡಿಯಿತು.

ಇದನ್ನೆಲ್ಲ ಕೇಳಿಸಿಕೊಂಡು ತಲೆ ಕೆಡಿಸಿಕೊಂಡವರು ಊರಿನಲ್ಲಿ ಒಬ್ಬರೇ, ಪಕ್ಕದ ಬೀದಿಯ ಸಾಬರು. ಅವರದು ಬಣ್ಣದ ಅರಗು ಬಳಿದ ಮರದ ಗೊಂಬೆಗಳ ಕಾರ್ಖಾನೆ. ಬೆಂಗಳೂರಿಗೆ ಗೊಂಬೆ ಸಾಗಿಸಲೆಂದು ಅವರೂ ಒಂದು ಕಾರು ಕೊಂಡಿದ್ದರು. ದಿನಾ ಸಂಜೆ ನಮ್ಮ ಜಗಲಿಗೆ ಬಂದು ಕೂರುವರು, ಹಾದಿಗಳ ಕಥೆ ಕೇಳುವರು, ಕೊನೆಗೆ ನಮ್ಮ ಕಾರನ್ನು ಬೈದು ಹೋಗುವರು.

"ಭಾಯಿ, ನಿಮ್ಮ ಗಾಡಿ ಕೆಮ್ಮೋದು ನಮ್ಮನೇಗಂಟ ಕೇಳ್ತೈತೆ. ಹಕೀಮರಿಗೆ ತೋರ್ಸಿ."

"ನಿಮ್ದೇನು ಸಾಬ್ರೇ, ಗೊಂಬೆ ಜಾಸ್ತಿ, ಕಾರು ಕಮ್ಮಿ. ಅದ್ಕೂ ಅರಗು ಬಳ್ದು ಅಂಗಡೀಲಿ ಇಡಿ."

ಹೀಗೇ ಬೆಳೆದು ಬೆಳೆದು ಒಂದು ಸಂಜೆ ಪಂದ್ಯ ಕಟ್ಟಿಯೇ ಬಿಟ್ಟರು. ಹಣಕ್ಕಲ್ಲ, ಬಾಯಿಗೆ. ಸೋತವನು ಇನ್ನು ಮುಂದೆ ಗೆದ್ದವನ ಕಾರಿನ ಬಗ್ಗೆ ಬಾಯಿ ಬಿಡಬಾರದು. ಯಜಮಾನರು ನನ್ನ ರಂಗೋಲಿ ಡಬ್ಬಿ ಇಸಕೊಂಡು ಜಗಲಿಯ ಮೇಲೆ ತಾವೇ ಗೆರೆ ಎಳೆದರು. ಚನ್ನಪಟ್ಟಣದಿಂದ ಸಾತನೂರು, ಅಲ್ಲಿಂದ ಕನಕಪುರ, ಅಲ್ಲಿಂದ ರಾಮನಗರ, ಮತ್ತೆ ಚನ್ನಪಟ್ಟಣ. ರಾಮನಗರವನ್ನು ಆಗಿನ್ನೂ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಗೆರೆ ಹಪ್ಪಳದಷ್ಟು ಸೊಟ್ಟಗಿತ್ತು, ಆದರೆ ಕೂಡಿಕೊಂಡಿತು.

"ಇದೇ ನಮ್ಮ ಮೈಸೂರು ಸೀಮೆ ಹಾದಿ," ಎಂದರು. "ಎಲ್ಲಾ ಐತೆ ಇದ್ರಲ್ಲಿ. ಧೂಳೈತೆ, ಬೆಟ್ಟೈತೆ, ಸಂತೆ ಐತೆ. ಯಾವ ಜರ್ಮನಿಗೆ ಕಮ್ಮಿ?"

ಸೀಮೆಯ ಪಂದ್ಯದಲ್ಲಿ ಡ್ರೈವರನ ಪಕ್ಕ ಇನ್ನೊಬ್ಬ ಕೂರುವ ಪದ್ಧತಿಯಂತೆ. ಪೆಟ್ರೋಲಿಗೆ ಕೈಪಂಪು ಒತ್ತುವುದು, ಹಿಂದೆ ಯಾರು ಬಂದರೆಂದು ನೋಡುವುದು, ಕೆಟ್ಟರೆ ಇಳಿಯುವುದು, ಡ್ರೈವರು ಸುಸ್ತಾದರೆ ಚಕ್ರ ಹಿಡಿಯುವುದು ಅವನ ಕೆಲಸ. ಸಾಬರು ತಮ್ಮ ಮಾವನವರನ್ನು ಒಪ್ಪಿಸಿದರು. ಯಜಮಾನರು ತಮ್ಮ ಕಾರು ತೊಳೆದುಕೊಡುತ್ತಿದ್ದ ಗೆಳೆಯನನ್ನು ಕೂರಿಸಿಕೊಂಡು ಹಿಂದಿನ ದಿನ ಒಂದು ಸುತ್ತು ಪರೀಕ್ಷೆಗೆ ಹೋದರು. ಗೆಳೆಯ ವಾಪಸು ನಡೆದೇ ಬಂದ. "ನಂಗೆ ಹೆಂಡ್ತಿ ಮಕ್ಕಳವ್ರೆ ಕಣಣ್ಣ," ಎಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಯಜಮಾನರು ಜಗಲಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನನಗೆ ಅದೆಲ್ಲಿಂದ ಧೈರ್ಯ ಬಂತೋ.

"ನಾನ್ ಕೂತ್ಕತೀನಿ," ಎಂದೆ.

"ನೀನಾ?"

"ಪಂಪು ಒತ್ತೋದು ತಾನೆ? ರಾಗಿ ಬೀಸಿಲ್ವಾ ನಾನು?"

ಇಬ್ಬರೂ ಅತ್ತೆಯ ಕಡೆ ನೋಡಿದೆವು. ಅವರು ಮೊರದಲ್ಲಿ ಹುರುಳಿ ಕೇರುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ಹೋಗ್ಲಿ ಬುಡು," ಎಂದರು. "ಅವ್ನೊಬ್ನೇ ಹೋದ್ರೆ ಎಲ್ಲಿ ಬಿದ್ದ ಅಂತ ಹೇಳಕ್ಕಾದ್ರೂ ಒಬ್ರು ಬೇಕಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಕಚ್ಚೆ ಹಾಕ್ಕಂಡು ಕೂತ್ಕೊ. ಗಾಳೀಲಿ ಸೀರೆ ಹಾರ್ಸ್ಕಂಡು ಮಾನ ಕಳೀಬ್ಯಾಡ," ಎಂದರು.

ಪಂದ್ಯದ ಬೆಳಿಗ್ಗೆ ಊರ ಹೊರಗಿನ ಹುಣಸೆಮರದ ಕೆಳಗೆ ಅರ್ಧ ಚನ್ನಪಟ್ಟಣ ಸೇರಿತ್ತು. ಶಾಲೆಯ ಮೇಷ್ಟ್ರು ನ್ಯಾಯಗಾರರು. ತಮ್ಮ ಹಳೇ ಪಂಚೆಯನ್ನು ಕೋಲಿಗೆ ಕಟ್ಟಿ ಬಾವುಟ ಮಾಡಿಕೊಂಡಿದ್ದರು. ಸಾಬರ ಕಾರಿನ ಹಿಂಭಾಗದಲ್ಲಿ ಎರಡು ಬುಟ್ಟಿ ಗೊಂಬೆ. ಇದೇನು ಎಂದರೆ, ಕಾರು ಹಗುರಾದರೆ ಕುಣಿಯುತ್ತದೆ, ಭಾರಕ್ಕೆ ಎಂದರು. ಅವರ ಮಾವನವರು ಆಗಲೇ ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದರು. ನಾನು ಕಚ್ಚೆ ಹಾಕಿ, ತಲೆಗೆ ಯಜಮಾನರ ಟವೆಲು ಬಿಗಿದು ಹತ್ತಿ ಕೂತಾಗ ಗುಂಪಿನಲ್ಲಿ ಯಾರೋ ಸಿಳ್ಳೆ ಹೊಡೆದರು. ಅತ್ತೆ ಆ ಕಡೆ ನೋಡಿದರು. ಸಿಳ್ಳೆ ನಿಂತಿತು.

ಪಂಚೆ ಕೆಳಗಿಳಿಯಿತು. ಸಾತನೂರಿನವರೆಗೆ ನಾನು ಕಂಡದ್ದು ಧೂಳು ಮಾತ್ರ. ಮುಂದೆ ಸಾಬರು, ಅವರ ಧೂಳಿನಲ್ಲಿ ನಾವು. ಪಂಪು ಒತ್ತುತ್ತಾ ಒತ್ತುತ್ತಾ ರಟ್ಟೆ ಬಿದ್ದುಹೋಯಿತು. ಯಜಮಾನರು ಮಾತ್ರ ಒಂದೇ ಸಮನೆ ಕೂಗುತ್ತಿದ್ದರು. "ಇದು ಬರ್ಲಿನ್ ಕಣಮ್ಮಿ! ನೇರ ಐತೆ ನೋಡು!" ಒಂದು ಹಳ್ಳಕ್ಕೆ ಇಳಿದು ಹತ್ತಿದಾಗ ನನ್ನ ತಲೆ ಕಾರಿನ ಬಟ್ಟೆ ಚಾವಣಿಗೆ ಬಡಿಯಿತು. "ಇದು ಬ್ರೂಕ್‌ಲ್ಯಾಂಡ್ಸು! ಸಿಮೆಂಟು ಅಲ್ಲಲ್ಲಿ ಎದ್ದೈತಂತೆ!" ಆದರೆ ಸುಳ್ಳೇಕೆ, ನನಗೆ ಭಯದ ಜೊತೆಗೇ ಒಂದು ನಗು ಉಕ್ಕಿ ಬರುತ್ತಿತ್ತು. ಹುಟ್ಟಿದಂದಿನಿಂದ ಯಾರೂ ನನ್ನನ್ನು ಇಷ್ಟು ಬೇಗ ಎಲ್ಲಿಗೂ ಕರೆದೊಯ್ದಿರಲಿಲ್ಲ.

ಕನಕಪುರದಲ್ಲಿ ಅವತ್ತು ಸಂತೆ. ಇದನ್ನು ಇಬ್ಬರು ಗಂಡಸರೂ ಮರೆತಿದ್ದರು. ಬೀದಿ ತುಂಬ ಕುರಿ, ತರಕಾರಿ, ಮಡಕೆ. "ಮೊನಾಕೊ!" ಎಂದರು ಯಜಮಾನರು, ಆದರೆ ಈ ಸಲ ದನಿಯಲ್ಲಿ ಜೋರಿರಲಿಲ್ಲ. ನಾನೇ ಇಳಿದು ಕುರಿ ಓಡಿಸುತ್ತಾ ಕಾರಿನ ಮುಂದೆ ನಡೆದೆ. ಒಬ್ಬ ಕುರಿಯವನು ಕೇಳಿದ, "ಎಲ್ಲಿಗೆ ಹೊಂಟ್ರವ್ವ ಇಷ್ಟು ಅರ್ಜೆಂಟಾಗಿ?"

"ಚನ್ನಪಟ್ಟಣಕ್ಕೆ."

"ಎಲ್ಲಿಂದ ಬಂದ್ರಿ?"

"ಚನ್ನಪಟ್ಟಣದಿಂದ."

ಅವನು ಕುರಿಗಳನ್ನು ಸರಿಸಿ ದಾರಿ ಬಿಟ್ಟ. ನಮ್ಮನ್ನು ಕಂಡು ಮರುಕ ಹುಟ್ಟಿತೆಂದು ತೋರುತ್ತದೆ.

ಸಂತೆಯ ನಡುವೆ ನೋಡಿದರೆ ಸಾಬರ ಕಾರು ನಿಂತಿದೆ, ಸುತ್ತ ಜನ. ಕೆಟ್ಟಿತೇನೋ ಎಂದುಕೊಂಡೆವು. ಸಾಬರು ಬಾನೆಟ್ಟಿನ ಮೇಲೆ ಗೊಂಬೆ ಹರವಿಕೊಂಡು ವ್ಯಾಪಾರ ಮಾಡುತ್ತಿದ್ದರು! ಯಾರೋ ಒಬ್ಬ ಹೆಂಗಸು ಬುಟ್ಟಿಯ ಗಿಲಕಿಯನ್ನು ತೋರಿಸಿ ಕೇಳಿದ್ದಳಂತೆ.

"ಪಂದ್ಯ ಸಾಬ್ರೇ!" ಎಂದು ಇವರು ಕೂಗಿದರು.

"ಗಿರಾಕಿ ಭಾಯಿ!" ಎಂದು ಅವರು ಕೂಗಿದರು. "ಬಂದೋರನ್ನ ಬ್ಯಾಡ ಅನ್ನಾಕಾಯ್ತದಾ? ನೀವು ನಡೀರಿ, ಹಿಡ್ಕತೀನಿ!" ಮಾವನವರು ಕಣ್ಣು ತೆರೆದು, ನಿಂತದ್ದಕ್ಕೆ ದೇವರಿಗೆ ವಂದಿಸುತ್ತಿದ್ದರು.

ಹೀಗೆ ನಾವು ಮುಂದಾದೆವು. ರಾಮನಗರದ ಕಡೆಯ ದಾರಿ ಬಂಡೆಗುಡ್ಡಗಳ ನಡುವೆ ಏರಿ ಇಳಿದು ಬಳುಕುತ್ತದೆ. ಯಜಮಾನರು ಒಂದೊಂದು ತಿರುವಿಗೂ ಜರ್ಮನಿ, ಜರ್ಮನಿ ಎನ್ನುತ್ತಾ ತಿರುಗಿಸಿದರು. ರಾಮನಗರ ಇನ್ನೇನು ಬಂತು ಎನ್ನುವಾಗ ಕಾರಿನ ಮೂತಿಯಿಂದ ಬುಸುಬುಸು ಹಬೆ ಎದ್ದಿತು. ಒಂದು ದೊಡ್ಡ ಬಂಡೆಯ ಬುಡದಲ್ಲಿ ನಿಲ್ಲಿಸಿ, ನೀರು ಹೊಯ್ದು, ಹ್ಯಾಂಡಲ್ ಹಾಕಿ ತಿರುಗಿಸಿದರು. ಇಂಜಿನ್ನು ಢಂ ಎಂದು ಚಾಲೂ ಆಯಿತು, ಕರೀ ಹೊಗೆ ಬಂಡೆಯ ಮೈಗುಂಟ ಮೇಲೇರಿತು. ಆ ಹೊಗೆಯ ಜಾಡಿನಲ್ಲೇ ನನ್ನ ಕಣ್ಣು ಮೇಲೆ ಹೋಯಿತು. ಬಂಡೆಯ ಹುಬ್ಬಿನ ಕೆಳಗೆ ಮೊರದಗಲದ ಹೆಜ್ಜೇನು, ಒಂದಲ್ಲ, ಸಾಲಾಗಿ.

"ರೀ..." ಎಂದೆ.

ಅಷ್ಟರಲ್ಲಿ ಅವು ಇಳಿದಿದ್ದವು. ನಾನು ಹಿಂದಿನ ಸೀಟಿನ ಮೇಲಿದ್ದ ಕಂಬಳಿ ಎಳೆದು ಹೊದ್ದುಕೊಂಡೆ. ಇವರು ಹ್ಯಾಂಡಲ್ ಹಿಡಿದವರು ಅದನ್ನೇ ಬೀಸಿ ಜೇನನ್ನು ಹೊಡೆಯಲು ನೋಡಿದರು. ಸೀಮೆಯ ಯಾವ ಪತ್ರಿಕೆಯಲ್ಲೂ ಈ ಪಾಠ ಇರಲಿಲ್ಲ. ಕೊನೆಗೆ ಕೂಗುತ್ತಾ ಬಂದು ಕಂಬಳಿಯೊಳಗೆ ನುಗ್ಗಿದರು, ಜೊತೆಗೆ ಒಂದಿಷ್ಟು ಜೇನನ್ನೂ ಕರೆತಂದರು. ನನಗೂ ಕುತ್ತಿಗೆಗೆ, ಕೈಗೆ ಕಚ್ಚಿದವು. ಉಸಿರು ಬಿಗಿಹಿಡಿದು ಬಿದ್ದುಕೊಂಡೆವು. ಹೊರಗಿನ ಗುಂಯ್ ಸದ್ದು ಬಹಳ ಹೊತ್ತಿನ ಮೇಲೆ ತಗ್ಗಿತು.

ಕಂಬಳಿ ಸರಿಸಿ ನೋಡಿದರೆ ನನ್ನ ಗಂಡನ ಮುಖವೇ ಇರಲಿಲ್ಲ. ಅಲ್ಲಿದ್ದದ್ದು ಒಂದು ಕುಂಬಳಕಾಯಿ. ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ಇಂಜಿನ್ನು ಮಾತ್ರ ತನಗೇನೂ ಸಂಬಂಧವಿಲ್ಲದಂತೆ ಗುಡುಗುಡು ಓಡುತ್ತಿತ್ತು.

"ಕಾಣ್ತದಾ?" ಎಂದೆ.

"ಕತ್ಲು," ಎಂದರು. ಆಮೇಲೆ ಕಿವಿ ನಿಮಿರಿಸಿದರು. ದೂರದಲ್ಲಿ ಸಾಬರ ಕಾರಿನ ಸದ್ದು. "ಅಮ್ಮಿ, ಆ ಕಡೆ ಹೋಗಿ ಕೂತ್ಕೊ."

"ನಂಗೆ ಬರಾಕಿಲ್ಲ!"

"ನಂಗೆ ಕಾಣಾಕಿಲ್ಲ! ಇಬ್ರೂ ಸೇರಿದ್ರೆ ಒಬ್ಬ ಡ್ರೈವರಾಗ್ತೀವಿ. ಕೂತ್ಕೊ."

ಅವರು ಗೇರಿನ ಕೋಲಿನ ಮೇಲೆ ಒಂದು ಕೈ, ಪಂಪಿನ ಮೇಲೆ ಇನ್ನೊಂದು ಕೈ ಇಟ್ಟರು. ನಾನು ಚಕ್ರ ಹಿಡಿದೆ. ಎಡಗಾಲು ಒತ್ತು ಎಂದಾಗ ಒತ್ತಿದೆ, ಬಿಡು ಎಂದಾಗ ಬಿಟ್ಟೆ. ಕಾರು ಕಪ್ಪೆಯಂತೆ ಎರಡು ಸಲ ನೆಗೆದು ಹೊರಟಿತು. ಇಂಜಿನ್ನಿನ ದನಿ ಕೇಳಿಯೇ ಅವರು "ಈಗ ಒತ್ತು" ಎನ್ನುತ್ತಿದ್ದರು, ಗೇರು ಬದಲಿಸುತ್ತಿದ್ದರು. ನಾನು ಕಂಡದ್ದನ್ನು ಕೂಗಿ ಹೇಳುತ್ತಿದ್ದೆ. "ಗಾಡಿ! ಎಮ್ಮೆ! ಬಲಕ್ಕೆ ತಿರುವು!" ರಾಮನಗರದ ಪೇಟೆಯಲ್ಲಿ ರೇಷ್ಮೆ ನೂಲಿನ ಹೊರೆ ಹೊತ್ತ ಒಬ್ಬರು ನಮ್ಮನ್ನು ಕಂಡು ಹೊರೆಯ ಸಮೇತ ಒಂದು ಅಂಗಡಿಯೊಳಗೆ ಹಾರಿದರು. ಪೇಟೆ ದಾಟಿ ದೊಡ್ಡ ರಸ್ತೆಗೆ ಬಿದ್ದಾಗ ಚಕ್ರ ನನ್ನ ಕೈಗೆ ಪಳಗಿತ್ತು. ಚಕ್ರವನ್ನು ಒಂಚೂರು ತಿರುಗಿಸಿದರೆ ಇಷ್ಟು ದೊಡ್ಡ ಕಬ್ಬಿಣ ನನ್ನ ಮಾತು ಕೇಳುತ್ತದೆ! ಮನೆಯಲ್ಲಿ ಬೆಕ್ಕು ಕೂಡ ಕೇಳುತ್ತಿರಲಿಲ್ಲ.

ಚನ್ನಪಟ್ಟಣ ಹತ್ತಿರವಾದಂತೆ ಸಾಬರು ಹಿಡಿದೇ ಬಿಟ್ಟರು. ಹಾರನ್ನು ಬಾರಿಸುತ್ತಾ ಪಕ್ಕಕ್ಕೆ ಬಂದು, ಗೆಲುವಿನ ನಗೆ ಬೀರುತ್ತಾ ನಮ್ಮ ಕಡೆ ತಿರುಗಿದರು. ಚಕ್ರದ ಹಿಂದೆ ನಾನು. ಪಕ್ಕದಲ್ಲಿ ಕುಂಬಳಕಾಯಿ. ಅವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ನೋಡುತ್ತಾ ನೋಡುತ್ತಾ ಕಾರು ನೇರವಾಗಿ ರಸ್ತೆ ಬದಿಯ ಹುಲ್ಲಿನ ಮೆದೆಯೊಳಗೆ ಹೊಕ್ಕಿತು.

"ಏನದು ಸದ್ದು?" ಎಂದರು ಯಜಮಾನರು.

"ಸಾಬ್ರು ಮೆದೆಯೊಳಕ್ಕೆ ಹೋದ್ರು! ನಿಲ್ಲುಸ್ಬೇಕು!"

"ತಲೆ ಕಾಣ್ತದಾ?"

ಹಿಂತಿರುಗಿ ನೋಡಿದೆ. ಹುಲ್ಲಿನ ನಡುವಿನಿಂದ ಎರಡು ತಲೆ ಎದ್ದಿದ್ದವು. ಒಂದು ಬೈಯುತ್ತಿತ್ತು, ಇನ್ನೊಂದು ಆಕಾಶಕ್ಕೆ ಕೈಯೆತ್ತಿತ್ತು. "ಕಾಣ್ತದೆ," ಎಂದೆ. "ಅಂಗಾದ್ರೆ ನಡಿ," ಎಂದರು.

ಹುಣಸೆಮರದ ಕೆಳಗೆ ತಮಟೆ ಬಡಿಯುತ್ತಿದ್ದರು. ಜನ ಕೇಕೆ ಹಾಕುತ್ತಿದ್ದರು. ಆ ಗದ್ದಲದಲ್ಲಿ ಯಜಮಾನರು ಯಾವ ಕಾಲು ಒತ್ತಬೇಕೆಂದು ಹೇಳಿದ್ದು ನನಗೆ ಕೇಳಿಸಲೇ ಇಲ್ಲ. ಕಾರು ಪಂದ್ಯದ ಗೆರೆ ದಾಟಿತು, ಮರ ದಾಟಿತು, ಮೇಷ್ಟ್ರು ಪಂಚೆ ಎಸೆದು ಓಡಿದರು. ಊರ ಬೀದಿಯನ್ನು ಒಂದು ಸುತ್ತು ಹಾಕಿ, ಸಾಬರ ಕಾರ್ಖಾನೆ ಮುಂದೆ ಗೊಂಬೆಗೆಂದು ರಾಶಿ ಹಾಕಿದ್ದ ಮರದ ತುಂಡುಗಳ ಮೇಲೇರಿ ಕಾರು ತಾನಾಗಿಯೇ ನಿಂತಿತು.

ಆಮೇಲಿನ ಜಗಳ ಪಂದ್ಯಕ್ಕಿಂತ ಹೆಚ್ಚು ಹೊತ್ತು ನಡೆಯಿತು. ಡ್ರೈವರು ಬದಲಾದ ಮೇಲೆ ಗೆಲುವು ಹೇಗೆ ಎಂದು ಮೇಷ್ಟ್ರು ತಕರಾರು ತೆಗೆದರು. ನನ್ನ ಪರ ನಿಂತವರು ಸಾಬರು. ಎತ್ತಿನ ಗಾಡಿಯಲ್ಲಿ ಬಂದಿಳಿದು, ಗಡ್ಡದಿಂದ ಹುಲ್ಲು ಕೀಳುತ್ತಾ, "ಸೀಮೇಲಿ ಪಕ್ಕದೋರೂ ಓಡುಸ್ಬೋದು ಅಂತ ಭಾಯಿನೇ ಹೇಳವ್ರೆ. ಗೆದ್ದಿದ್ದು ನಮ್ಮ ತಂಗಿ. ಆದ್ರೆ ಒಂದು ಮಾತು, ಭಾಯಿ ಗೆದ್ದಿಲ್ಲ. ಅವರ ಕಾರನ್ನ ನಾನು ಬಯ್ಯೋದೇ!" ಎಂದರು. ಯಜಮಾನರು ಊದಿದ ತುಟಿಯಲ್ಲೇ ಅರಚಿದರು, "ಗೇರು ಹಾಕಿದ್ದು ನಾನು!" ಅತ್ತೆ ಬಂದು ಮಗನ ಕೈ ಹಿಡಿದು ಎಳೆದರು. "ಮೊದ್ಲು ಮುಖ ತೊಳ್ಕ ನಡಿ. ಯಾರ ಮುಖ ಅಂತ ಆಮ್ಯಾಕೆ ನೋಡಾಣ."

ಊತ ಇಳಿಯಲು ದಿನಗಳೇ ಹಿಡಿದವು. ಅರಿಸಿನ ಸುಣ್ಣ ಬಳಿದುಕೊಂಡು ಅವರು ಮಲಗಿದ್ದರು, ನಾನು ಪಕ್ಕದಲ್ಲಿ ಬೀಸಣಿಗೆ ಹಿಡಿದು ಕೂತಿದ್ದೆ. ಒಂದು ಮಧ್ಯಾಹ್ನ ಕೇಳಿದೆ, ಕಣ್ಣು ಮುಚ್ಚಿಕೊಂಡೇ ಅಷ್ಟು ಸರಿಯಾಗಿ ಗೇರು ಹೇಗೆ ಹಾಕಿದಿರಿ ಎಂದು.

"ನಾ ಬ್ರೂಕ್‌ಲ್ಯಾಂಡ್ಸು ಕಂಡಿಲ್ಲ ಕಣಮ್ಮಿ," ಎಂದರು.

"ಅಂದ್ರೆ?"

"ಹೋಗಿದ್ದೆ. ದೊರೆ ಒಳೀಕೋದ್ರು. ಕಾರು ಕಾಯ್ತಾ ಇರು ಅಂದ್ರು. ಬೇಲಿ ಆಚೆ ಇಡೀ ದಿನ ಕಾರೊಳಗೆ ಕೂತಿದ್ದೆ. ಬರೀ ಸದ್ದು. ಯಾವ ಕಾರು ಏರ್ತು, ಯಾವ್ದು ಇಳೀತು, ಎಲ್ಲಿ ಗೇರು ಬದ್ಲಾಯ್ತು, ಎಲ್ಲಾ ಕಿವೀಲೇ. ಮಿಕ್ಕಿದ್ದೆಲ್ಲ ಪತ್ರಿಕೇಲಿ ನೋಡಿದ್ದು."

"ಇಟಲಿ? ಜರ್ಮನಿ?"

"ಅದೂ ಪತ್ರಿಕೇನೇ."

ನನಗೆ ಮೊದಲು ಸಿಟ್ಟು ಬಂತು. ಅಷ್ಟು ಬೆಳಗು ಬಗ್ಗಿ ಬಗ್ಗಿ ನಡು ನೋಯಿಸಿಕೊಂಡದ್ದು ನಾನು. ಆಮೇಲೆ ಪರದೇಶದ ಒಂದು ಬೇಲಿಯ ಹೊರಗೆ ಕುತ್ತಿಗೆ ಉದ್ದ ಮಾಡಿ ಕೂತ ಈ ಮನುಷ್ಯನ ಚಿತ್ರ ಕಣ್ಣಿಗೆ ಬಂತು. ಬೀಸಣಿಗೆ ನಿಂತುಹೋಗಿತ್ತು. "ಸೆಕೆ," ಎಂದರು. ಮತ್ತೆ ಬೀಸಿದೆ.

ಯಾರಿಗೂ ನಾನು ಇದನ್ನು ಹೇಳಲಿಲ್ಲ, ಅವರು ಇದ್ದಷ್ಟು ದಿನ. ಅವರೂ ಮತ್ತೆ ಜಗಲಿಗೆ ಕೂತು, ಸಾಬರಿಗೆ ಮೋಂಜಾದ ನೆರಳನ್ನು ಮೊದಲಿಗಿಂತ ಹೆಚ್ಚು ತಂಪಾಗಿ ವರ್ಣಿಸತೊಡಗಿದರು. ನನಗೆ ಮಾತ್ರ ದಿನಾ ಊರಾಚೆ ಕರೆದೊಯ್ದು ಕ್ರಮವಾಗಿ ಓಡಿಸುವುದನ್ನು, ಅದಕ್ಕಿಂತ ಮುಖ್ಯವಾಗಿ ನಿಲ್ಲಿಸುವುದನ್ನು, ಕಲಿಸಿದರು. ಹಬ್ಬಕ್ಕೆ ತವರಿಗೆ ಹೋಗುವಾಗ ಮಾಗಡಿಯ ದಾರಿಯುದ್ದಕ್ಕೂ ನಾನೇ ಓಡಿಸಿದೆ. ಹಿಂದಿನ ಸೀಟಿನಲ್ಲಿ ಅತ್ತೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ತಿಪ್ಪಸಂದ್ರದ ಹೊಲಗಳಲ್ಲಿ ಜನ ಕೆಲಸ ಬಿಟ್ಟು ನಿಂತು ನೋಡಿದರು. ಅಪ್ಪ ಬಾಗಿಲಿಗೆ ಬಂದವರು, ಚಕ್ರ ಹಿಡಿದ ಮಗಳನ್ನೂ ಪಕ್ಕದಲ್ಲಿ ಕೂತ ಅಳಿಯನನ್ನೂ ನೋಡಿ, ಯಾರನ್ನು ಮೊದಲು ಮಾತಾಡಿಸಬೇಕೆಂದು ತಿಳಿಯದೆ, ಅತ್ತೆಯನ್ನು ಕೇಳಿದರು:

"ದಾರೀಲಿ ಏನೂ ತೊಂದ್ರೆ ಆಗ್ಲಿಲ್ವಾ ಬೀಗರೇ?"

ಅತ್ತೆ ಇಳಿದು, ಎಲೆ ರಸ ಉಗಿದು, ಸೆರಗು ಸರಿಮಾಡಿಕೊಂಡರು. "ನಿಮ್ಮ ಮಗಳು ಪರ್ವಾಗಿಲ್ಲ," ಎಂದರು. "ಪಕ್ಕದಲ್ಲಿರೋನು ಒಸಿ ಸುಮ್ನೆ ಕೂತಿದ್ರೆ ಇನ್ನೂ ಬೇಗ ಬಂದ್ಬುಡ್ತಿದ್ವಿ."